ಬೆಳಕಿನ ಸುಳಿಯೂ ಮಸೂರದ ದೋಷವೂ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಐಮಂಗಲದ ಬಯಲನ್ನು ಬೇಸಗೆಯ ನಡುಹಗಲಿನಲ್ಲಿ ದಾಟಿದವರು ಧೂಳಿನ ಸುಳಿಗಳನ್ನು ಕಂಡಿರಬಹುದು. ಬೆಳಕಿನಲ್ಲಿಯೂ ಇಂತಹ ಸುಳಿಯುಂಟೆಂಬುದು ಇತಿಹಾಸದ ಅಧ್ಯಾಪಕರಾದ ನಮಗೆ ಮೊದಲು ನಂಬಿಕೆಯಾಗಲಿಲ್ಲ. ಇಲ್ಲಿ ಸುತ್ತುವುದು ಧೂಳಲ್ಲ, ತರಂಗದ ಪ್ರಾವಸ್ಥೆ, ಎಂದರೆ ಏರಿಳಿತದಲ್ಲಿ ತರಂಗವು ತಲುಪಿರುವ ಹಂತ. ಪುಂಜದ ಅಕ್ಷವನ್ನು ಒಮ್ಮೆ ಬಳಸಿಬಂದರೆ ಪ್ರಾವಸ್ಥೆಯು ಒಂದು, ಎರಡು, ಮೂರು, ಹೀಗೆ ಪೂರ್ಣಸಂಖ್ಯೆಯ ಸುತ್ತುಗಳನ್ನು ಮುಗಿಸಿರುತ್ತದೆ. ಅಕ್ಷದ ಮೇಲೆ ಎಲ್ಲ ಹಂತಗಳೂ ಕೂಡಿ ಒಂದನ್ನೊಂದು ಅಳಿಸುವುದರಿಂದ ಅಲ್ಲಿ ಕತ್ತಲೆ. ತೆರೆಯ ಮೇಲೆ ಬೀಳುವುದು ಬೆಳಕಿನ ಬಳೆ.

ಇಂತಹ ಪುಂಜವನ್ನು ಉಂಟುಮಾಡುವ ಬಗೆಗಳಲ್ಲಿ ಒಂದಕ್ಕೆ ಬೆಂಗಳೂರಿನ ಋಣವಿದೆ. ಬೆಳಕು ತನ್ನ ಧ್ರುವಣಸ್ಥಿತಿಯನ್ನು ಬದಲಿಸುತ್ತ ನಡೆದು ಮೊದಲಿನ ಸ್ಥಿತಿಗೇ ಮರಳಿದರೂ ಪ್ರಾವಸ್ಥೆಯಲ್ಲಿ ಒಂದು ಶೇಷವುಳಿಯಬಹುದೆಂದು ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ ಅವರು 1956ರಲ್ಲಿ ತೋರಿಸಿದರು. ಸ್ಥಳದಿಂದ ಸ್ಥಳಕ್ಕೆ ಅಕ್ಷದ ದಿಕ್ಕು ತಿರುಗುವ ಫಲಕಗಳಿಂದ ಇಂದು ಸುಳಿಪುಂಜವನ್ನು ಪಡೆಯುವುದು ಆ ಶೇಷದ ಬಲದಿಂದಲೇ. ಅದರ ಮಹತ್ತ್ವವನ್ನು ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು ಎತ್ತಿ ತೋರಿಸಿದ್ದು 1986ರಲ್ಲಿ. ಪಂಚರತ್ನಂ 1969ರಲ್ಲಿಯೇ ತೀರಿಕೊಂಡಿದ್ದರು.

ಇನ್ನು ಮಸೂರದ ಮಾತು. ಅಂಚಿನ ಕಿರಣಗಳು ನಡುವಿನವುಗಳಿಗಿಂತ ಮೊದಲೇ ಕೂಡುವ ದೋಷವು ಸುತ್ತಲೂ ಸಮನಾಗಿರುತ್ತದೆ. ಅದು ಬಳೆಯನ್ನು ಮಸುಕುಗೊಳಿಸೀತೇ ಹೊರತು ಸುಳಿಯನ್ನು ಒಡೆಯದು. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುವ ದೋಷ ಬೇರೆ. ಅಲ್ಲಿ ಮಸೂರವು ಬೆಳಕನ್ನು ಒಂದು ದಿಕ್ಕಿನಲ್ಲಿ ಹೆಚ್ಚಾಗಿ, ಅದಕ್ಕೆ ಅಡ್ಡಲಾಗಿ ಕಡಿಮೆಯಾಗಿ ಬಾಗಿಸುತ್ತದೆ. ಆಗ ಮೂರು ಸುತ್ತಿನ ಸುಳಿಯು ಮೂರು ಒಂಟಿ ಸುತ್ತಿನ ಸುಳಿಗಳಾಗಿ ಚೆದರುತ್ತದೆ. ದೋಷವು ಅಲ್ಪವಾಗಿರುವಾಗ ಒಟ್ಟು ಲೆಕ್ಕ ಮೂರೇ. ದೋಷವು ಬಲವಾದರೆ ನಾಭಿಯಾಚೆ ಸುಳಿಯ ತಿರುವೇ ಬಲದಿಂದ ಎಡಕ್ಕೆ ಹೊರಳಬಹುದು.

ಸುತ್ತಿನ ಸಂಖ್ಯೆಯನ್ನೇ ಅಕ್ಷರವನ್ನಾಗಿ ಮಾಡಿ ಸಂದೇಶ ಕಳುಹಿಸುವ ಪ್ರಯೋಗಗಳಿಗೆ ಇದು ಸಣ್ಣ ತೊಡಕಲ್ಲ. ಈ ದೋಷದಿಂದ ಮೂರರ ಬೆಳಕಿನಲ್ಲಿ ಒಂದಂಶವು ಒಂದರ ಮತ್ತು ಐದರ ಲೆಕ್ಕಕ್ಕೆ ಸೇರಿಹೋಗುತ್ತದೆ. ಶಾಸನದ ಕಲ್ಲಿನಲ್ಲಿ ಸವೆತದ ಗೀರನ್ನು ಅಕ್ಷರವೆಂದು ಓದಿ ಮೋಸಹೋದವರಿಗೆ ಈ ಕಷ್ಟ ತಿಳಿಯದುದೇನಲ್ಲ.

ಆದರೆ ಅದೇ ದೋಷವನ್ನು ಬೇಕೆಂದು ತಂದುಕೊಂಡರೆ ಸಂಖ್ಯೆಯನ್ನು ಓದಲೂ ಬಹುದು. ಅಹಮದಾಬಾದಿನ ಭೌತ ಸಂಶೋಧನಾಲಯದವರು 2013ರಲ್ಲಿ ಸಾಮಾನ್ಯವಾದ ಪೀನಮಸೂರವನ್ನು ಓರೆಮಾಡಿ ನಿಲ್ಲಿಸುವ ಉಪಾಯವನ್ನು ವಿವರಿಸಿದರು. ನಾಭಿಯ ಸಮೀಪದಲ್ಲಿ ಬಳೆಯು ಬೆಳಕಿನ ತುಂಡುಗಳ ಸಾಲಾಗಿ ಎಳೆಯಲ್ಪಡುತ್ತದೆ. ಮೂರು ಸುತ್ತಿನ ಸುಳಿಗೆ ನಾಲ್ಕು ತುಂಡು, ಅವುಗಳ ನಡುವೆ ಮೂರು ಕಪ್ಪು ಗೆರೆ. ಸಾಲು ಯಾವ ಕಡೆಗೆ ವಾಲಿದೆಯೆಂಬುದರಿಂದ ಸುಳಿ ಎಡಮುರಿಯೋ ಬಲಮುರಿಯೋ ತಿಳಿಯುತ್ತದೆ.