ನಿಮಗಿದು ಗೊತ್ತೆ? ಕರು ಹಿಡಿದ ಮಕ್ಕಳು, ಕ್ಯಾಮೆರಾ ಹಿಡಿದ ಸರ್ಕಾರ

* 1930ರ ದಶಕದ ಆರ್ಥಿಕ ಮಹಾಕುಸಿತದ ವೇಳೆ ಹಳ್ಳಿಗರ ದಿನನಿತ್ಯದ ಬದುಕನ್ನು ಸೆರೆಹಿಡಿಯಲು ಅಮೆರಿಕ ಸರ್ಕಾರವೇ ಛಾಯಾಗ್ರಾಹಕರನ್ನು ಸಂಬಳಕ್ಕೆ ನೇಮಿಸಿಕೊಂಡಿತ್ತು.

* ಅವರಲ್ಲೊಬ್ಬರಾದ ರಸೆಲ್ ಲೀ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. 1939ರ ಆಗಸ್ಟ್‌ನಲ್ಲಿ ಕಾನ್ಸಾಸ್ ರಾಜ್ಯದ ಸಿಮರಾನ್‌ನಲ್ಲಿ ನಡೆದ 4-ಎಚ್ ಎಂಬ ಮಕ್ಕಳ ಕ್ಲಬ್‌ನ ಮೇಳದಲ್ಲಿ, ಜಾನುವಾರುಗಳೊಂದಿಗೆ ಬಂದಿದ್ದ ಮಕ್ಕಳ ಚಿತ್ರಗಳನ್ನು ಅವರು ತೆಗೆದರು.

* 4-ಎಚ್‌ನ ಬೇರು 1902ರಲ್ಲಿ ಓಹಿಯೋದಲ್ಲಿ ಎ.ಬಿ. ಗ್ರಹಾಂ ಕಟ್ಟಿದ ಮಕ್ಕಳ ಕೃಷಿ ಕ್ಲಬ್‌ನಲ್ಲಿದೆ.

* ಇಂಥ ಮೇಳಗಳ ‘ಷೋಮನ್‌ಶಿಪ್’ ಸ್ಪರ್ಧೆಯಲ್ಲಿ ಅಂಕ ಸಿಗುವುದು ಪ್ರಾಣಿಗಲ್ಲ, ಅದನ್ನು ಹಿಡಿದು ನಡೆಸುವ ಮಗುವಿಗೆ! ಹೋರಿಯ ಮೈ ತೊಳೆದು, ಕೂದಲು ಬಾಚಿ ಅಂಗಳಕ್ಕೆ ತರಬೇಕು. ಉದ್ದನೆಯ ಕೋಲಿನಿಂದ ಗೊರಸು ಸರಿಸಿ ನೆಟ್ಟಗೆ ನಿಲ್ಲಿಸಬೇಕು. ಕುರಿಯಾದರೆ ಹಗ್ಗವಿಲ್ಲ, ಗದ್ದ ಹಿಡಿದೇ ನಿಲ್ಲಿಸಬೇಕು. ಅಷ್ಟೂ ಹೊತ್ತು ತೀರ್ಪುಗಾರರ ಮೇಲೊಂದು ಕಣ್ಣಿಟ್ಟಿರಬೇಕು.

* ಸರ್ಕಾರದ ಆ ಛಾಯಾಚಿತ್ರ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್, ತಮಗೆ ಹಿಡಿಸದ ಎಷ್ಟೋ ನೆಗೆಟಿವ್‌ಗಳಿಗೆ ತೂತು ಹೊಡೆಸಿಬಿಡುತ್ತಿದ್ದರು.

* ಉಳಿದುಬಂದ ಸುಮಾರು 1.75 ಲಕ್ಷ ಕಪ್ಪು-ಬಿಳುಪು ನೆಗೆಟಿವ್‌ಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಇವುಗಳಲ್ಲಿ ಬಹುಪಾಲನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು.