ಗೋಡೆ ಒಡೆಯದೆ ಎರಡನೆಯ ಸ್ವಿಚ್

ಕಾಸರಗೋಡಿನ ಹಳೆಯ ಮುರಕಲ್ಲಿನ ಮನೆಗಳಲ್ಲಿ ಮೆಟ್ಟಿಲಿನ ದೀಪಕ್ಕೆ ಎಷ್ಟೋ ಕಡೆ ಕೆಳಗೊಂದೇ ಸ್ವಿಚ್. ಮಹಡಿಯಲ್ಲಿ ಓದು ಮುಗಿಸಿದ ಮಗು ಕತ್ತಲಲ್ಲೇ ಇಳಿಯಬೇಕು. ಮೇಲೊಂದು ಸ್ವಿಚ್ ಬೇಕೆಂದರೆ ಗೋಡೆ ಕೊರೆದು ತಂತಿ ಎಳೆಯಬೇಕಿತ್ತು. ಈಗ ಅದು ಅನಿವಾರ್ಯವಲ್ಲ.

ಹಳೆಯ ಸ್ವಿಚ್ಚಿನ ಪೆಟ್ಟಿಗೆಯೊಳಗೆ ಪುಟ್ಟ ರಿಲೇ ಕೂರುತ್ತದೆ. ಮೇಲಿನ ಗೋಡೆಗೆ ಅಂಟಿಸಿದ ಗುಂಡಿ ರೇಡಿಯೊ ಸಂಕೇತದಿಂದ ಅದಕ್ಕೆ ಆಜ್ಞೆ ನೀಡುತ್ತದೆ. ಎರಡೂ ನೇರವಾಗಿ ಜೋಡಿಯಾಗಿದ್ದರೆ ಅಂತರ್ಜಾಲವೂ ಬೇಡ. ಕೆಲವು ಗುಂಡಿಗಳಿಗೆ 3 ವೋಲ್ಟಿನ ನಾಣ್ಯಾಕಾರದ ಬ್ಯಾಟರಿ ಬೇಕು. ಅದು ಮಕ್ಕಳ ಬಾಯಿಗೆ ಹೋದರೆ ಪ್ರಾಣಾಪಾಯ. ಇನ್ನು ಕೆಲವಕ್ಕೆ ಒತ್ತುವ ಬೆರಳಿನ ಬಲವೇ ವಿದ್ಯುತ್ತು.

ಬಹುತೇಕ ರಿಲೇಗಳಿಗೆ ನ್ಯೂಟ್ರಲ್ ತಂತಿ ಅಗತ್ಯ. ಹಳೆಯ ಪೆಟ್ಟಿಗೆಗಳಲ್ಲಿ ಅದು ಇರದಿರಬಹುದು. ಕೊಳ್ಳುವ ಮುನ್ನವೇ ಪರವಾನಗಿಯುಳ್ಳ ವೈರ್‌ಮನ್ ಪೆಟ್ಟಿಗೆ ತೆರೆದು ನೋಡುವುದು ಲೇಸು. 230 ವೋಲ್ಟಿನೊಡನೆ ಮನೆಯವರ ಪ್ರಯೋಗ ಸಲ್ಲದು.