ಅಳೆದೂ ತೂಗಿ ಕಟ್ಟುವ ಗೋಡೆ

ಟೇಪಿನ ಒಂದು ಕೊನೆ ಭುಜದ ಮೂಳೆಯ ತುದಿಗೆ, ಇನ್ನೊಂದು ಕೊನೆ ನಡುಬೆರಳಿನ ತುದಿಗೆ. 2025ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಹೀಗೆ ಅಳೆದಾಗ ವಿಲ್ ಕ್ಯಾಂಬೆಲ್ ಅವರ ತೋಳು ಮೂವತ್ತೆರಡೂವರೆ ಇಂಚಿಗಿಂತ ತುಸುವೇ ಹೆಚ್ಚು ಬಂತು. ಕೆಲವು ವಾರ ಕಳೆದು ತಮ್ಮದೇ ವಿಶ್ವವಿದ್ಯಾಲಯದ ಅಂಗಳದಲ್ಲಿ ಮತ್ತೆ ಅಳೆಸಿಕೊಂಡಾಗ 33 ಇಂಚು. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಮೂರು ವರ್ಷ ಎಡಗಡೆಯ ಕೊನೆಯ ಜಾಗವನ್ನು ಕಾಯ್ದು ಹೆಸರು ಮಾಡಿದ್ದ ಹುಡುಗನ ಬಗ್ಗೆ ಆ ಎರಡು ತಿಂಗಳು ನಡೆದ ಚರ್ಚೆಯೆಲ್ಲ ಈ ಒಂದು ಇಂಚಿನ ಸುತ್ತಲೇ ಗಿರಕಿ ಹೊಡೆಯಿತು. ಟ್ಯಾಕಲ್ ಆಗಿ ಆಡುವವನ ತೋಳು 34 ಇಂಚು ಇದ್ದರೆ ಒಳ್ಳೆಯದು, 33ಕ್ಕಿಂತ ಕಡಿಮೆಯಿದ್ದರೆ ಅವನನ್ನು ಒಳಗಿನ ಜಾಗಕ್ಕೆ ಸರಿಸಬೇಕು ಎಂಬುದು ವೃತ್ತಿಪರ ತಂಡಗಳಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ಏಪ್ರಿಲ್ 24ರ ರಾತ್ರಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ನಾಲ್ಕನೆಯ ಆಯ್ಕೆಯಲ್ಲೇ ಕ್ಯಾಂಬೆಲ್ ಅವರ ಹೆಸರು ಕೂಗಿತು. ಆಡಿಸಿದ್ದು ಟ್ಯಾಕಲ್ ಜಾಗದಲ್ಲೇ.

ಒಂದು ಇಂಚಿಗೆ ಇಷ್ಟು ಬೆಲೆ ಏಕೆ? ಅದು ತಿಳಿಯಬೇಕಾದರೆ ಈ ಆಟಗಾರರ ಕೆಲಸವೇನೆಂದು ನೋಡಬೇಕು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ನಡೆಸುವ ತಂಡದ ಮುಂಸಾಲಿನಲ್ಲಿ ಲೈನ್‌ಮನ್‌ಗಳೆಂಬ ಐದು ಜನ ನಿಲ್ಲುತ್ತಾರೆ. ಮಧ್ಯದವನು ಸೆಂಟರ್, ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವವನು. ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ತುದಿಗಳಲ್ಲಿ ಇಬ್ಬರು ಟ್ಯಾಕಲ್‌ಗಳು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎದುರಾಳಿಗಳು ಮುಗಿಬೀಳದಂತೆ ಎರಡೂವರೆ, ಮೂರು ಸೆಕೆಂಡು ತಡೆದು ನಿಲ್ಲಿಸುವುದು, ಇಲ್ಲವೇ ಚೆಂಡು ಹಿಡಿದು ಓಡುವವನಿಗೆ ಗೋಡೆ ಸೀಳಿ ದಾರಿ ಬಿಡಿಸುವುದು ಇವರ ದುಡಿಮೆ. ಅಂಕ ಗಳಿಸುವ ಭಾಗ್ಯ ಇವರಿಗಿಲ್ಲವೆಂದೇ ಹೇಳಬಹುದು. ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳಿದರೆ ಉರುಳಿಸಿದವನ ಹೆಸರಿಗೆ ಲೀಗ್ ಒಂದು ಅಂಕಿ ಬರೆದುಕೊಳ್ಳುತ್ತದೆ. ಇಡೀ ಸಂಜೆ ಅವನು ಉರುಳದಂತೆ ಕಾದವನ ಹೆಸರಿನ ಮುಂದೆ ಅಧಿಕೃತ ದಾಖಲೆಯಲ್ಲಿ ಏನೂ ಇರುವುದಿಲ್ಲ. ಅವನು ಕೆಲಸ ಚೆನ್ನಾಗಿ ಮಾಡಿದ ದಿನ ಅವನ ಕಡೆ ಏನೂ ಘಟಿಸಿರುವುದಿಲ್ಲ. ಘಟಿಸದೇ ಇದ್ದುದಕ್ಕೆ ಅಂಕ ಹಾಕುವುದು ಹೇಗೆ? ಕಾಲೇಜಿನಿಂದ ಬರುವ ಲೈನ್‌ಮನ್‌ನನ್ನು ತೂಗಿನೋಡುವ ಪ್ರತಿಯೊಬ್ಬ ಸ್ಕೌಟ್‌ನ ತಲೆನೋವು ಇದೇ.

ನ್ಯಾಷನಲ್ ಫುಟ್‌ಬಾಲ್ ಲೀಗ್‌ನ 32 ತಂಡಗಳು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಏಳು ಸುತ್ತುಗಳ ಡ್ರಾಫ್ಟ್ ಮೂಲಕ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಸರದಿ. 1936ರಿಂದ ನಡೆದುಬಂದ ಪದ್ಧತಿ ಇದು. ಪ್ರತಿ ಡ್ರಾಫ್ಟ್‌ಗೂ ಮುನ್ನ ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಒಂದೆಡೆ ಕೂಡಿಸಿ ಪರೀಕ್ಷಿಸುವ ಶಿಬಿರಕ್ಕೆ ಕಂಬೈನ್ ಎಂದು ಹೆಸರು; 1987ರಿಂದ ಅದು ಇಂಡಿಯಾನಾಪೊಲಿಸ್‌ನಲ್ಲೇ ನಡೆಯುತ್ತಿದೆ. ಎತ್ತರ, ತೂಕ, ತೋಳು, ಅಂಗೈ ಎಲ್ಲಕ್ಕೂ ಅಳತೆ. 40 ಗಜದ ಓಟ. ಬೆಂಚಿನ ಮೇಲೆ ಅಂಗಾತ ಮಲಗಿ 225 ಪೌಂಡ್, ಅಂದರೆ ಸುಮಾರು 102 ಕಿಲೋ ಭಾರವನ್ನು ಎಷ್ಟು ಬಾರಿ ಎತ್ತುತ್ತಾನೆಂಬ ಎಣಿಕೆ. ನಿಂತಲ್ಲಿಂದ ಮೇಲಕ್ಕೂ ಮುಂದಕ್ಕೂ ಜಿಗಿತ. ಜೊತೆಗೆ ವೈದ್ಯರ ತಪಾಸಣೆ, ತಂಡದವರ ಸಂದರ್ಶನ.

ಇದರಲ್ಲಿ ತೋಳಿನ ಅಳತೆಗೆ ನಿಜವಾದ ಕಾರಣವಿದೆ. ತುದಿಯಲ್ಲಿ ನಿಂತ ಟ್ಯಾಕಲ್‌ನ ಮೇಲೆ ಬರುವವನು ವೇಗವಾಗಿ, ಹೊರಗಿನಿಂದ ಸುತ್ತಿ ಬರುತ್ತಾನೆ. ಇಬ್ಬರಲ್ಲಿ ಯಾರ ಕೈ ಮೊದಲು ಇನ್ನೊಬ್ಬನ ಎದೆಗೆ ತಾಗುತ್ತದೋ ಅವನ ಕೈಯಲ್ಲಿ ಲಗಾಮು. ತೋಳು ಗಿಡ್ಡವಾದರೆ ಎದುರಾಳಿಯ ಅಂಗೈ ಮೊದಲು ಬಂದು ಒತ್ತುತ್ತದೆ, ಹಿಮ್ಮಡಿ ಹಿಂದಕ್ಕೆ ಜಾರುತ್ತದೆ. ಒಳಗೆ ನಿಂತ ಗಾರ್ಡ್‌ಗೆ ಅಕ್ಕಪಕ್ಕದಲ್ಲಿ ಜೊತೆಗಾರರಿದ್ದಾರೆ, ಜಾಗ ಇಕ್ಕಟ್ಟು. ಅಲ್ಲಿ ಈ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಹಾಗೆಂದು ಅಳತೆಯೇ ತೀರ್ಪಾಗಬಾರದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋ ಥಾಮಸ್ ಅವರ ತೋಳೂ ಮೂವತ್ತೆರಡೂವರೆ ಇಂಚಿನ ಆಸುಪಾಸಿನದೇ. 2007ರಲ್ಲಿ ಮೂರನೆಯವರಾಗಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಸೇರಿದ ಅವರು ಒಂದು ಆಟವನ್ನೂ, ಆಟದೊಳಗಿನ ಒಂದು ಸರದಿಯನ್ನೂ ತಪ್ಪಿಸದೆ ಸತತ 10,363 ಬಾರಿ ಎಡ ತುದಿಯಲ್ಲಿ ನಿಂತರು. 2017ರ ಅಕ್ಟೋಬರ್‌ನಲ್ಲಿ ತೋಳಿನ ಸ್ನಾಯು ಹರಿದಾಗಲೇ ಆ ಸರಣಿ ತುಂಡಾದದ್ದು. 2023ರಲ್ಲಿ ಅವರಿಗೆ ಹಾಲ್ ಆಫ್ ಫೇಮ್ ಗೌರವ ಸಂದಿತು. ಡ್ರಾಫ್ಟ್ ದಿನ ದೊಡ್ಡ ಆಟಗಾರರೆಲ್ಲ ಸೂಟು ತೊಟ್ಟು ನ್ಯೂಯಾರ್ಕ್‌ನ ವೇದಿಕೆಯಲ್ಲಿದ್ದರೆ ಥಾಮಸ್ ತಂದೆಯ ಜೊತೆ ಮಿಷಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದರು.

ಇಂಥ ಅಳತೆಯ ಅಂಕಿಗಳನ್ನು ನಂಬಿ ಕೆಟ್ಟ ಕತೆಗಳಲ್ಲಿ ಎಲ್ಲರ ಬಾಯಲ್ಲೂ ಬರುವುದು ಟೋನಿ ಮ್ಯಾಂಡರಿಚ್ ಅವರದು. 1989ರಲ್ಲಿ ಮಿಷಿಗನ್ ಸ್ಟೇಟ್‌ನ ಈ ಹುಡುಗನ ಮೈಕಟ್ಟು ಕಂಡು ಇಡೀ ಅಮೆರಿಕ ಬೆರಗಾಗಿತ್ತು. ಮುನ್ನೂರು ಪೌಂಡ್ ದಾಟಿದ ದೇಹ, ಅದಕ್ಕೆ ಹಗುರ ಓಟಗಾರನ ವೇಗ. 225 ಪೌಂಡನ್ನು 39 ಸಲ ಎತ್ತಿದರೆಂದು ವರದಿಗಳಾದವು. ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಅಂಗಿಯಿಲ್ಲದ ಅವರ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಗ್ರೀನ್ ಬೇ ಪ್ಯಾಕರ್ಸ್ ಎರಡನೆಯ ಆಯ್ಕೆಯಲ್ಲೇ ಅವರನ್ನು ಎತ್ತಿಕೊಂಡಿತು. ಆ ವರ್ಷದ ಮೊದಲ ಐವರಲ್ಲಿ ಉಳಿದ ನಾಲ್ವರು ಟ್ರಾಯ್ ಏಕ್‌ಮನ್, ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್ ಮತ್ತು ಡಿಯಾನ್ ಸ್ಯಾಂಡರ್ಸ್. ನಾಲ್ವರೂ ಹಾಲ್ ಆಫ್ ಫೇಮ್ ಸೇರಿದ್ದಾರೆ. ಮ್ಯಾಂಡರಿಚ್ ಮೂರು ಋತು ಆಡಿ ಗ್ರೀನ್ ಬೇ ಬಿಟ್ಟರು. ಕಾಲೇಜಿನಲ್ಲಿ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದುದನ್ನು 2008ರಲ್ಲಿ ತಾವೇ ಒಪ್ಪಿಕೊಂಡರು. ಮದ್ಯ, ನೋವುಗುಳಿಗೆಗಳ ಚಟದಿಂದ ಹೊರಬಂದು 1996ರಿಂದ ಮೂರು ಋತು ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಮರಳಿ ಆಡಿದ ಅವರ ಬದುಕಿನ ಎರಡನೆಯ ಭಾಗವೂ ನೆನಪಿನಲ್ಲಿ ಉಳಿಯಬೇಕಾದದ್ದು. ಅದನ್ನು ಹೇಳುವವರು ಕಡಿಮೆ.

ಇದಕ್ಕೆ ತದ್ವಿರುದ್ಧವಾದದ್ದು ಆರ್ಲ್ಯಾಂಡೊ ಬ್ರೌನ್ ಜೂನಿಯರ್ ಅವರ ಕತೆ. 2017ರಲ್ಲಿ ಓಕ್ಲಹೋಮಾದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್‌ಗೆ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪುರಸ್ಕಾರವಾದ ಹೈಸ್‌ಮನ್ ಟ್ರೋಫಿ ಬಂತು. ಅವರ ಎಡಗಡೆ ಕಾಯುತ್ತಿದ್ದವರು ಆರಡಿ ಎಂಟು ಇಂಚಿನ ಬ್ರೌನ್. ಮರುವರ್ಷ ಕಂಬೈನ್‌ಗೆ ಬಂದಾಗ 40 ಗಜ ಓಡಲು 5.85 ಸೆಕೆಂಡು ತೆಗೆದುಕೊಂಡರು. ಭಾರ ಎತ್ತಿದ್ದು 14 ಬಾರಿ ಮಾತ್ರ. ಮೇಲಕ್ಕೆ ಜಿಗಿದದ್ದು 20 ಇಂಚಿಗೂ ಕಡಿಮೆ. ಟಿವಿ ಮುಂದೆ ಕುಳಿತ ಲಕ್ಷಾಂತರ ಜನ ಇದನ್ನು ನೋಡಿದರು. ಮೊದಲ ಸುತ್ತಿನಲ್ಲೇ ಹೋಗುತ್ತಾರೆಂದು ಮಾತಾಗಿದ್ದ ಹುಡುಗ ಮೂರನೆಯ ಸುತ್ತಿಗೆ, 83ನೆಯ ಸ್ಥಾನಕ್ಕೆ ಕುಸಿದರು. ಆರಿಸಿಕೊಂಡದ್ದು ಬಾಲ್ಟಿಮೋರ್ ರೇವನ್ಸ್, ತೀರಿಕೊಂಡಿದ್ದ ಅವರ ತಂದೆ ಹಿಂದೆ ಇದೇ ಜಾಗದಲ್ಲಿ ಆಡಿದ್ದ ತಂಡ. 2019ರಿಂದ ಸತತ ನಾಲ್ಕು ವರ್ಷ ಬ್ರೌನ್ ಲೀಗಿನ ತಾರೆಗಳ ಕೂಟವಾದ ಪ್ರೊ ಬೌಲ್‌ಗೆ ಆಯ್ಕೆಯಾದರು. 2023ರ ಫೆಬ್ರುವರಿಯಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಾಗ ಎಡ ತುದಿಯಲ್ಲಿದ್ದವರು ಅವರೇ.

ಬ್ರೌನ್ ಅವರ ತೋಳು 35 ಇಂಚು. 40 ಗಜ ಓಡುವ ಪ್ರಸಂಗ ಲೈನ್‌ಮನ್‌ಗೆ ಪಂದ್ಯದಲ್ಲಿ ಬರುವುದೇ ಅಪರೂಪ. ಅವನಿಗೆ ಬೇಕಿರುವುದು ಮೊದಲ ಹತ್ತು ಗಜದ, ಇನ್ನೂ ಸರಿಯಾಗಿ ಹೇಳುವುದಾದರೆ ಮೊದಲ ಎರಡು ಹೆಜ್ಜೆಯ ಚುರುಕು. ಬೆಂಚಿನ ಮೇಲೆ ಭಾರ ಎತ್ತುವಾಗ ಉದ್ದ ತೋಳಿನವನಿಗೆ ದೂರವೂ ಹೆಚ್ಚು, ಹಾಗಾಗಿ ಎಣಿಕೆ ಕಡಿಮೆಯಾಗುವುದು ಸಹಜ. ಒಂದು ಕಡೆ ಉದ್ದ ತೋಳನ್ನು ಹೊಗಳುತ್ತ, ಇನ್ನೊಂದು ಕಡೆ ಅದೇ ತೋಳಿನಿಂದ ತಗ್ಗಿದ ಎಣಿಕೆಗೆ ಹುಡುಗನನ್ನು ಹೊಣೆ ಮಾಡುವುದು ನ್ಯಾಯವೆನಿಸುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ಹಳೆಯ ಸ್ಕೌಟ್‌ಗಳು ಕತ್ತಲೆ ಕೋಣೆಯಲ್ಲಿ ಕುಳಿತು ಪಂದ್ಯದ ಚಿತ್ರ ಓಡಿಸುತ್ತಾರೆ. ಅವರ ಮುಂದಿರುವುದು ಟಿವಿಯಲ್ಲಿ ಬರುವ ದೃಶ್ಯವಲ್ಲ. ಎತ್ತರದಿಂದಲೂ ಅಂಕಣದ ತುದಿಯಿಂದಲೂ ತೆಗೆದ, ಇಪ್ಪತ್ತೆರಡು ಆಟಗಾರರೂ ಕಾಣುವ ಚಿತ್ರ. ಅವರ ಕಣ್ಣು ಚೆಂಡಿನ ಬೆನ್ನು ಹತ್ತುವುದಿಲ್ಲ. ಒಬ್ಬ ಟ್ಯಾಕಲ್‌ನ ಪಾದದ ಮೇಲೆ ಇರುತ್ತದೆ.

ಚೆಂಡು ಅಲುಗಿದ ಕ್ಷಣವೇ ಎಡಗಾಲು ಓರೆಯಾಗಿ ಹಿಂದಕ್ಕೆ ಜಾರಬೇಕು, ಬಲಗಾಲು ಅದನ್ನು ಹಿಂಬಾಲಿಸಬೇಕು. ಕಾಲು ಕತ್ತರಿಯಾಗಬಾರದು, ಪಾದ ನೆಲದಿಂದ ಹೆಚ್ಚು ಏಳಬಾರದು. ಮೊಣಕಾಲು ಬಾಗಿರಬೇಕು, ಬೆನ್ನು ನೆಟ್ಟಗಿರಬೇಕು; ಮೊಣಕಾಲಿನ ಬದಲು ಸೊಂಟದಲ್ಲಿ ಬಗ್ಗುವವನನ್ನು ಕಂಡರೆ ಸ್ಕೌಟ್ ಅಲ್ಲೇ ಗುರುತು ಹಾಕಿಕೊಳ್ಳುತ್ತಾನೆ, ಏಕೆಂದರೆ ಅವನು ಮುಂದಕ್ಕೆ ವಾಲಿ ಮುಗ್ಗರಿಸುವವನು. ಕೈ ಬೀಸುವ ಹೊತ್ತೂ ಮುಖ್ಯ. ಬೇಗ ಬೀಸಿದರೆ ಎದುರಾಳಿ ತಟ್ಟಿ ಪಕ್ಕಕ್ಕೆ ಸರಿಯುತ್ತಾನೆ, ತಡವಾದರೆ ಎದೆಗೆ ಬಂದು ಗುದ್ದುತ್ತಾನೆ. ಹೊರಗಿನಿಂದ ಸುತ್ತಿ ಬಂದವನು ಮುಂದಿನ ಸಲ ನೇರವಾಗಿ ನುಗ್ಗುತ್ತಾನೆ, ಅದರ ಮುಂದಿನ ಸಲ ಬುಗುರಿಯಂತೆ ಒಳಕ್ಕೆ ತಿರುಗುತ್ತಾನೆ. ಮೊದಲ ಪೆಟ್ಟಿಗೆ ಸೋತರೂ ಟ್ಯಾಕಲ್ ಪೃಷ್ಠ ತಗ್ಗಿಸಿ ನೆಲ ಕಚ್ಚಿ ನಿಲ್ಲುತ್ತಾನೆಯೇ ಎಂಬುದೇ ದೊಡ್ಡ ಪ್ರಶ್ನೆ. ಗರಡಿಯ ಮಣ್ಣು ಮೆಟ್ಟಿದವರಿಗೆ ಇದೆಲ್ಲ ಹೊಸದೆನಿಸದು. ಶಾಲೆಯಲ್ಲಿ ಕುಸ್ತಿ ಆಡಿದ ಲೈನ್‌ಮನ್‌ಗಳ ಮೇಲೆ ಸ್ಕೌಟ್‌ಗಳಿಗೆ ಒಲವು ಇರುವುದು ಈ ಕಾರಣಕ್ಕೇ. ಅಯೋವಾದ ಟ್ರಿಸ್ಟನ್ ವರ್ಫ್ಸ್ ಅಂಥವರಲ್ಲಿ ಒಬ್ಬರು.

ಚಿತ್ರವೂ ಎಲ್ಲವನ್ನೂ ಹೇಳುವುದಿಲ್ಲ. ಇಂದಿನ ಬಹುತೇಕ ಕಾಲೇಜು ತಂಡಗಳಲ್ಲಿ ಚೆಂಡು ಒಂದೆರಡು ಸೆಕೆಂಡಿನಲ್ಲೇ ಕ್ವಾರ್ಟರ್‌ಬ್ಯಾಕ್‌ನ ಕೈಬಿಟ್ಟು ಹೋಗುತ್ತದೆ. ಅಲ್ಲಿನ ಟ್ಯಾಕಲ್ ನಿಂತೇ ಆಟ ಆರಂಭಿಸುತ್ತಾನೆ. ಕೈ ನೆಲಕ್ಕೂರಿ, ಮೇಲೆದ್ದು ನುಗ್ಗುವ ಅಭ್ಯಾಸವೇ ಇರುವುದಿಲ್ಲ. ಅವನ ಎದುರಿದ್ದವರಲ್ಲಿ ವೃತ್ತಿಪರ ಮಟ್ಟಕ್ಕೆ ಏರುವವರು ಬೆರಳೆಣಿಕೆಯವರು. ಆದ್ದರಿಂದಲೇ ಅಲಬಾಮಾದ ಮೊಬೈಲ್ ನಗರದಲ್ಲಿ ನಡೆಯುವ, ಡ್ರಾಫ್ಟ್‌ಗೆ ಸಜ್ಜಾದ ಕಾಲೇಜು ಆಟಗಾರರ ಪಂದ್ಯವಾದ ಸೀನಿಯರ್ ಬೌಲ್‌ನ ಅಭ್ಯಾಸದ ದಿನಗಳಿಗೆ ಇಷ್ಟು ಮಹತ್ವ. ಅಲ್ಲಿ ಒಬ್ಬನಿಗೆ ಒಬ್ಬ ಎದುರಾಗುತ್ತಾನೆ, ಸಹಾಯಕ್ಕೆ ಪಕ್ಕದಲ್ಲಿ ಯಾರೂ ಇಲ್ಲ.

ಇಷ್ಟೆಲ್ಲ ನೋಡಿದರೂ ಲೆಕ್ಕ ತಪ್ಪುವುದುಂಟು. 2013ರ ಡ್ರಾಫ್ಟ್‌ನ ಮೊದಲ ನಾಲ್ಕು ಆಯ್ಕೆಗಳಲ್ಲಿ ಮೂವರು ಟ್ಯಾಕಲ್‌ಗಳೇ. ಮೊದಲನೆಯವರಾಗಿ ಹೋದ ಎರಿಕ್ ಫಿಶರ್ ಕಾನ್ಸಾಸ್ ಸಿಟಿಯ ಜೊತೆ ಸೂಪರ್ ಬೌಲ್ ಗೆದ್ದರು. ಮೂವರಲ್ಲಿ ಅತ್ಯಂತ ಪಳಗಿದವರೆಂದು ಹಲವರು ನಂಬಿದ್ದ ಲ್ಯೂಕ್ ಜೋಕೆಲ್ ಎರಡನೆಯವರಾಗಿ ಜಾಕ್ಸನ್‌ವಿಲ್‌ಗೆ ಹೋಗಿ, ಐದು ಋತುಗಳಲ್ಲಿ ಆಟದಿಂದಲೇ ಮರೆಯಾದರು. ನಾಲ್ಕನೆಯವರು ಲೇನ್ ಜಾನ್ಸನ್. ಕಿರಿಯ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಶುರುಮಾಡಿ, ಮೈ ಬೆಳೆದಂತೆ ಜಾಗ ಬದಲಿಸುತ್ತ ಟ್ಯಾಕಲ್ ಆದವರು. ಹನ್ನೆರಡು ವರ್ಷ ಕಳೆದರೂ ಫಿಲಡೆಲ್ಫಿಯಾ ಈಗಲ್ಸ್‌ನ ಬಲ ತುದಿ ಅವರದೇ ಆಗಿತ್ತು.

ಜೋಕೆಲ್‌ರನ್ನು ಅಳೆದವರು ಮೂರ್ಖರಾಗಿರಲಿಲ್ಲ. ಗಾಯಗಳು ಕಾಡಿದವು, ಒಂದು ಜಾಗದಿಂದ ಇನ್ನೊಂದಕ್ಕೆ ಎಡತಾಕುವಂತಾಯಿತು. ಯಾವ ತಂಡ, ಯಾವ ತರಬೇತುದಾರ, ಪಕ್ಕದಲ್ಲಿ ಯಾರು ಎಂಬುದೂ ಹುಡುಗನ ಹಣೆಬರಹವನ್ನು ಬರೆಯುತ್ತದೆ. ಇಂಡಿಯಾನಾಪೊಲಿಸ್‌ನ ಯಾವ ಟೇಪಿಗೂ ಅದು ಸಿಗುವುದಿಲ್ಲ.

ಈ ಮಾತಿಗೆ ನಿದರ್ಶನ ಬೇಕಿದ್ದರೆ 2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್ ಬೌಲ್‌ನಲ್ಲಿ ಕಾನ್ಸಾಸ್ ಸಿಟಿಯನ್ನು 40–22ರಿಂದ ಸೋಲಿಸಿದ ಈಗಲ್ಸ್ ತಂಡದ ಐವರನ್ನು ನೋಡಬೇಕು. ಎಡ ತುದಿಯಲ್ಲಿ ಜೋರ್ಡನ್ ಮೈಲಾಟಾ, ಆಸ್ಟ್ರೇಲಿಯಾದ ರಗ್ಬಿ ಆಟಗಾರ. 2018ರಲ್ಲಿ ಕೊನೆಯ ಸುತ್ತಿನ 233ನೆಯ ಆಯ್ಕೆಯಾಗಿ ಬಂದಾಗ ಈ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ. ಅವರ ಪಕ್ಕ ಲ್ಯಾಂಡನ್ ಡಿಕರ್ಸನ್. ಮಂಡಿಯ ಗಾಯವೇ ಅವರನ್ನು 2021ರಲ್ಲಿ ಎರಡನೆಯ ಸುತ್ತಿಗೆ ತಳ್ಳಿದ್ದು. ಬಲಗಡೆಯ ಗಾರ್ಡ್ ಮೆಕೈ ಬೆಕ್ಟನ್. 2020ರ ಕಂಬೈನ್‌ನಲ್ಲಿ 364 ಪೌಂಡ್ ದೇಹ ಹೊತ್ತು 5.10 ಸೆಕೆಂಡಿನಲ್ಲಿ 40 ಗಜ ಓಡಿ ಜನರ ಬಾಯಿ ಕಟ್ಟಿಸಿದ್ದವರು. 11ನೆಯವರಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿ, ಮಂಡಿ ಗಾಯಗಳಿಂದ ನಲುಗಿ, ಕೈಬಿಟ್ಟ ಆಟಗಾರ ಎನಿಸಿಕೊಂಡಿದ್ದರು. ಫಿಲಡೆಲ್ಫಿಯಾದ ಲೈನ್ ತರಬೇತುದಾರ ಜೆಫ್ ಸ್ಟೌಟ್‌ಲ್ಯಾಂಡ್ ಬೆಕ್ಟನ್‌ರನ್ನು ಟ್ಯಾಕಲ್ ಜಾಗದಿಂದ ಒಳಕ್ಕೆ ಸರಿಸಿದರು. ಅವರಾಚೆ, ಬಲ ತುದಿಯಲ್ಲಿ ಲೇನ್ ಜಾನ್ಸನ್. ಆ ಋತುವಿನಲ್ಲಿ ಈ ಸಾಲಿನ ಬೆನ್ನ ಹಿಂದೆ ಓಡಿದ ಸೇಕ್ವಾನ್ ಬಾರ್ಕ್ಲಿ 2,005 ಗಜ ಗಳಿಸಿದರು.

ಐವರ ನಡುವೆ ಸೆಂಟರ್ ಆಗಿದ್ದವರು ಕ್ಯಾಮ್ ಜರ್ಗನ್ಸ್. ಅವರಿಗಿಂತ ಮೊದಲು ಆ ಜಾಗ ಜೇಸನ್ ಕೆಲ್ಸಿ ಅವರದಾಗಿತ್ತು: ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನವೂ ಇಲ್ಲದೆ ತಂಡ ಸೇರಿ, ಸೆಂಟರ್‌ಗೆ ಮೈ ಸಾಲದು ಎನ್ನಿಸಿಕೊಂಡು, 2011ರಲ್ಲಿ ಆರನೆಯ ಸುತ್ತಿನ 191ನೆಯ ಆಯ್ಕೆಯಾಗಿ ಬಂದು, ಆರು ಬಾರಿ ಲೀಗಿನ ಅತ್ಯುತ್ತಮ ಸೆಂಟರ್ ಎನಿಸಿಕೊಂಡವರು. 2022ರ ಡ್ರಾಫ್ಟ್‌ಗೆ ಮುನ್ನ ಈಗಲ್ಸ್‌ನವರು ಕಾಲೇಜು ಸೆಂಟರ್‌ಗಳ ಚಿತ್ರಗಳನ್ನು ಕೆಲ್ಸಿಗೇ ತೋರಿಸಿ ಅಭಿಪ್ರಾಯ ಕೇಳಿದರು. ತಮ್ಮ ಜಾಗಕ್ಕೇ ಬರಲಿರುವವನನ್ನು ಆರಿಸುವ ಕೆಲಸವದು. ತಾವು ನೋಡಿದವರಲ್ಲೆಲ್ಲ ತಮ್ಮನ್ನೇ ಹೆಚ್ಚು ಹೋಲುವವನು, ತಮಗೆ ಮೆಚ್ಚಿನವನು ನೆಬ್ರಾಸ್ಕಾದ ಈ ಹುಡುಗ ಎಂದು ಕೆಲ್ಸಿ ಜರ್ಗನ್ಸ್‌ರತ್ತ ಬೆರಳು ತೋರಿಸಿದರು.